ಸೂಜಿ ಹಾಕಿಸಿದ ಮೇಲೆ ಕೂಸಿಗೆ ಜ್ವರ ಬಂದರೆ: ಗಂಟೆ ಲೆಕ್ಕದಲ್ಲಿ ಏನು ನೋಡಬೇಕು, ಏನು ಮಾಡಬೇಕು, ಯಾರಿಗೆ ಹೇಳಬೇಕು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸಾಮಾನ್ಯವಾಗಿ ಗುರುವಾರ ಲಸಿಕೆ ದಿನ. ಶುಕ್ರವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆಯರ ಫೋನಿಗೆ ಬರುವ ಪ್ರಶ್ನೆ ಒಂದೇ: ‘ಕೂಸಿನ ಮೈ ಸುಡಾಕತ್ತೈತಿ, ಸೂಜಿಂದೇನ್ರಿ?’

ತಪ್ಪುಗಳೂ ಪ್ರತಿಸಲ ಅವೇ. ಜ್ವರದ ಔಷಧದ ಅಳತೆ ತಪ್ಪುತ್ತದೆ. ನಾಲ್ಕನೇ ದಿನದ ಜ್ವರವನ್ನೂ ‘ಸೂಜಿ ಜ್ವರ’ ಎಂದು ಬಿಡುತ್ತಾರೆ. ನಿಜವಾಗಿ ತೊಂದರೆಯಾದಾಗ ವಾಟ್ಸಾಪ್ ಗ್ರೂಪಿಗೆ ಹೇಳುತ್ತಾರೆ, ವೈದ್ಯಾಧಿಕಾರಿಗೆ ಹೇಳುವುದಿಲ್ಲ. ಆಮೇಲೆ ಮುಂದಿನ ಡೋಸನ್ನೇ ಕೈಬಿಡುತ್ತಾರೆ.

ಒಂದು ಮಾತು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆ. ಪ್ರತಿ ಲಸಿಕೆಯ ಅಡ್ಡಪರಿಣಾಮಕ್ಕೂ ಅದರದ್ದೇ ಆದ ಹೊತ್ತಿದೆ. ಕೆಲವು ನಿಮಿಷಗಳಲ್ಲಿ ಬರುತ್ತವೆ, ಕೆಲವು ಮರುದಿನ, ಕೆಲವು ವಾರ ಕಳೆದ ಮೇಲೆ. ಹಾಗಾಗಿ ‘ಏನಾಯ್ತು’ ಎನ್ನುವಷ್ಟೇ ‘ಎಷ್ಟು ಹೊತ್ತಿಗೆ ಆಯ್ತು’ ಎನ್ನುವುದೂ ಮುಖ್ಯ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

1. ಮನೆಯಿಂದ ಹೊರಡುವ ಮೊದಲು

ಮೊದಲು ತಾಯಿ ಕಾರ್ಡ್. ನಮ್ಮ ಕಡೆ ಬಾಣಂತನ ತವರಿನಲ್ಲಿ, ಆಮೇಲೆ ಗಂಡನ ಮನೆ. ಹುಟ್ಟಿದಾಗಿನ ಲಸಿಕೆ ರಾಣೆಬೆನ್ನೂರಿನಲ್ಲಿ, ಆರು ವಾರದ್ದು ಬ್ಯಾಡಗಿಯಲ್ಲಿ, ಹತ್ತು ವಾರದ್ದು ಹಳೇ ಹುಬ್ಬಳ್ಳಿಯಲ್ಲಿ. ಕಾರ್ಡ್ ಮಾತ್ರ ತವರಿನ ಟ್ರಂಕಿನಲ್ಲಿ! ಹಿಂದಿನ ಡೋಸಿಗೆ ಏನಾಗಿತ್ತು ಎಂದು ಸಿಸ್ಟರ್ ಕೇಳಿದರೆ ಯಾರ ಬಳಿಯೂ ಉತ್ತರ ಇರುವುದಿಲ್ಲ. ಲಸಿಕೆ ಪುಟದ ಫೋಟೋ ತೆಗೆದು ಗಂಡ-ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಲಸಿಕೆ ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಯು-ವಿನ್‌ನಲ್ಲಿ ಹೆಸರು ನೋಂದಾಯಿಸುವಾಗ ಬದಲಾಗದ ಒಂದು ಮೊಬೈಲ್ ನಂಬರ್ ಕೊಡಿ.

ಮನೆಯಲ್ಲಿ ಇರಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್, ಎಂ.ಎಲ್. ಗುರುತು ಇರುವ ಡ್ರಾಪರ್ ಅಥವಾ ಸೂಜಿ ಇಲ್ಲದ ಸಿರಿಂಜ್, ಒಂದು ಬಾಟಲಿ ಪ್ಯಾರಾಸಿಟಮಾಲ್, ಮೆತ್ತನೆ ಹತ್ತಿ ಬಟ್ಟೆ. ಒಂದೇ ಬಾಟಲಿ ಏಕೆ ಎಂಬುದನ್ನು 5ನೇ ಹಂತದಲ್ಲಿ ಹೇಳುತ್ತೇನೆ.

ಜ್ವರ ಬರುವ ಮೊದಲೇ ಔಷಧ ಕುಡಿಸಿ ಕರೆದುಕೊಂಡು ಹೋಗುವುದು ಸಾಮಾನ್ಯ ತಪ್ಪು. ಜೆಕ್ ಗಣರಾಜ್ಯದ ಕೂಸುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂಚಿತವಾಗಿ ಪ್ಯಾರಾಸಿಟಮಾಲ್ ಪಡೆದವರಲ್ಲಿ ಜ್ವರ ಕಡಿಮೆಯಾಯಿತು, ಆದರೆ ಕೆಲವು ಲಸಿಕೆಗಳಿಂದ ಬೆಳೆಯಬೇಕಾದ ರೋಗನಿರೋಧಕ ಶಕ್ತಿಯೂ ಸ್ವಲ್ಪ ತಗ್ಗಿತು. ಜ್ವರ ಬಂದ ಮೇಲೆ ಕೊಟ್ಟರೆ ಸಾಕು.

2. ಕೇಂದ್ರದಲ್ಲಿ: ಹೇಳಬೇಕಾದದ್ದು, ನೋಡಬೇಕಾದದ್ದು

ಸಾಲಿನಲ್ಲಿ ನಿಂತಾಗ ಸಿಸ್ಟರ್‌ಗೆ ಈ ನಾಲ್ಕನ್ನು ತಾವಾಗಿಯೇ ಹೇಳಿ. ಹಿಂದಿನ ಡೋಸಿನ ನಂತರ ಮುಖ ಊದಿದ್ದು, ಉಸಿರು ಕಟ್ಟಿದ್ದು, ಫಿಟ್ಸ್ ಬಂದದ್ದು, ಪ್ರಜ್ಞೆ ತಪ್ಪಿದ್ದು. ಕರುಳು ಒಂದರೊಳಗೊಂದು ಸಿಕ್ಕಿಕೊಂಡು ಚಿಕಿತ್ಸೆಯಾಗಿದ್ದು. ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ. ಕ್ಯಾನ್ಸರ್ ಔಷಧವೋ ತುಂಬ ದಿನದ ಸ್ಟೀರಾಯ್ಡೋ ನಡೆಯುತ್ತಿದ್ದರೆ ಅದು.

ನೆಗಡಿ, ಸಣ್ಣ ಕೆಮ್ಮು, ಸ್ವಲ್ಪ ಭೇದಿ, ನಡೆಯುತ್ತಿರುವ ಆಂಟಿಬಯಾಟಿಕ್, ಹುಟ್ಟುವಾಗ ಕಡಿಮೆ ತೂಕ, ಮನೆಯಲ್ಲಿ ಬೇರೆ ಯಾರಿಗೋ ಫಿಟ್ಸ್ ಇರುವುದು, ಇವು ಯಾವುವೂ ಲಸಿಕೆ ತಡೆಯುವ ಕಾರಣಗಳಲ್ಲ. ಜೋರು ಜ್ವರವಿದ್ದು ಆಸ್ಪತ್ರೆ ಕಾಣಬೇಕಾದ ಸ್ಥಿತಿ ಇದ್ದರೆ ಮಾತ್ರ ಚೇತರಿಸಿಕೊಂಡ ಮೇಲೆ ಹಾಕಿಸಿ.

ಇನ್ನು ನೋಡಬೇಕಾದದ್ದು. ಇದನ್ನು ಕೇಳಲು ಸಂಕೋಚ ಬೇಡ. ಎಂಆರ್ (ದಡಾರ-ರುಬೆಲ್ಲಾಕ್ಕೆ) ಮತ್ತು ಬಿಸಿಜಿ (ಕ್ಷಯಕ್ಕೆ) ಪುಡಿ ರೂಪದ ಲಸಿಕೆಗಳು. ಜೊತೆಗೆ ಬಂದ ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬೆರೆಸಿದ ಹೊತ್ತನ್ನು ವಯಲ್ (ಲಸಿಕೆಯ ಪುಟ್ಟ ಬಾಟಲಿ) ಮೇಲೆ ಬರೆದಿರುತ್ತಾರೆ. ‘ಸಿಸ್ಟರ್, ಇದು ಎಷ್ಟು ಹೊತ್ತಿಗೆ ಓಪನ್ ಮಾಡಿದ್ದು?’ ಎಂದು ಕೇಳಿದರೆ ಕೆಲಸ ಗೊತ್ತಿರುವವರು ಯಾರೂ ಬೇಜಾರಾಗುವುದಿಲ್ಲ. ವಯಲ್ ಮೇಲೊಂದು ಸಣ್ಣ ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿರಬೇಕು. ಎರಡೂ ಒಂದೇ ಬಣ್ಣವಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿದೆ ಎಂದರ್ಥ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ 2022ರ ಜನವರಿಯಲ್ಲಿ ಎಂಆರ್ ಲಸಿಕೆ ಪಡೆದ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟ, ಬಳಸಿದ ರೀತಿಯಲ್ಲಿ ಸಿಬ್ಬಂದಿಯ ನಿರ್ಲಕ್ಷ್ಯವಿತ್ತು ಎಂದು ಪ್ರಾಥಮಿಕ ತನಿಖೆ ಹೇಳಿತು. ಇಂಥದ್ದನ್ನು ಮುಚ್ಚಿಟ್ಟು ‘ಲಸಿಕೆ ನೂರಕ್ಕೆ ನೂರು ಸುರಕ್ಷಿತ’ ಎನ್ನುವ ಪ್ರಚಾರ ನನಗೆ ಹಿಡಿಸುವುದಿಲ್ಲ. ಔಷಧದ ಗುಣದಿಂದ ಬರುವ ತೊಂದರೆ ಬೇರೆ, ಕೈತಪ್ಪಿನಿಂದ ಬರುವ ತೊಂದರೆ ಬೇರೆ. ಎರಡನೆಯದನ್ನು ತಡೆಯಬಹುದು, ತಡೆಯಲು ನಿಮ್ಮ ಒಂದು ಪ್ರಶ್ನೆಯೂ ನೆರವಾಗುತ್ತದೆ.

3. ಮೊದಲ ಅರ್ಧ ಗಂಟೆ: ಎದ್ದು ಹೋಗಬೇಡಿ

ಬಸ್ ತಪ್ಪುತ್ತದೆ ಎಂದು ಸೂಜಿ ಆದ ತಕ್ಷಣ ಹೊರಡುವವರೇ ಜಾಸ್ತಿ. ಗಜೇಂದ್ರಗಡದ ಬಸ್ಸು ಇನ್ನೊಂದು ಸಿಗುತ್ತದೆ, 30 ನಿಮಿಷ ಅಲ್ಲೇ ಕೂರಿ. ಲಸಿಕೆಯಿಂದ ಬರುವ ತೀವ್ರ ಅಲರ್ಜಿ ಬಹುತೇಕ ಈ ಹೊತ್ತಿನಲ್ಲೇ ತೋರುತ್ತದೆ. ಅದು ಬಹಳ ಅಪರೂಪ. ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಡೋಸುಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಸಿಕ್ಕ ಪ್ರಕರಣಗಳು 33, ಅಂದರೆ 10 ಲಕ್ಷ ಡೋಸಿಗೆ ಒಂದಕ್ಕಿಂತ ತುಸು ಹೆಚ್ಚು. ಆದರೆ ಬಂದರೆ ನಿಮಿಷಗಳೇ ಮುಖ್ಯ. ಅಡ್ರಿನಾಲಿನ್ ಇಂಜೆಕ್ಷನ್ ಇರುವುದು ಸಿಸ್ಟರ್ ಬಳಿ, ಬಸ್ಸಿನಲ್ಲಲ್ಲ.

ಮೈಮೇಲೆ ದದ್ದು ಏಳುವುದು, ತುಟಿ-ಕಣ್ಣು ಊದುವುದು, ಉಸಿರಿನಲ್ಲಿ ಸೀಟಿ ಹೊಡೆದಂತೆ ಸದ್ದು, ಕೂಸು ಬಿಳಿಚಿಕೊಂಡು ಜೋಲುವುದು. ಇವುಗಳಲ್ಲಿ ಯಾವುದು ಕಂಡರೂ ಕೂಗಿ ಕರೆಯಿರಿ.

ಶಾಲೆಯಲ್ಲಿ 10 ಮತ್ತು 16ನೇ ವಯಸ್ಸಿಗೆ ಟಿಡಿ (ಧನುರ್ವಾಯು-ಗಂಟಲಮಾರಿ ಲಸಿಕೆ) ಹಾಕುವಾಗ ಒಬ್ಬಳು ತಲೆ ಸುತ್ತಿ ಬಿದ್ದರೆ ಸಾಲಿನಲ್ಲಿದ್ದ ಇನ್ನಿಬ್ಬರೂ ಬೀಳುವುದುಂಟು. ಹೆಚ್ಚಾಗಿ ಅದು ಹೆದರಿಕೆ ಮತ್ತು ಖಾಲಿ ಹೊಟ್ಟೆಯ ಫಲ. ನಾಡಿ ನಿಧಾನ ಇರುತ್ತದೆ, ಮೈ ಬೆವರುತ್ತದೆ, ದದ್ದು ಇರುವುದಿಲ್ಲ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ.

4. ಯಾವ ಲಸಿಕೆಗೆ ಯಾವ ಹೊತ್ತು

ಪೆಂಟಾವೇಲೆಂಟ್. 6, 10, 14 ವಾರಕ್ಕೆ ಎಡತೊಡೆಗೆ ಹಾಕುತ್ತಾರೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಒಂದು ಬ್ಯಾಕ್ಟೀರಿಯಾ ಸೋಂಕು) ಎಂಬ ಐದಕ್ಕೆ ಒಂದೇ ಸೂಜಿ. ಜ್ವರ ಬರಿಸುವುದು ಮುಖ್ಯವಾಗಿ ಇದೇ, ಅದರಲ್ಲೂ ಇದರೊಳಗಿನ ನಾಯಿಕೆಮ್ಮಿನ ಭಾಗ. ಅದೇ ದಿನ ಸಂಜೆಯಿಂದ ಜ್ವರ, ತೊಡೆ ನೋವು, ಕೆಂಪು, ಕಿರಿಕಿರಿ ಅಳು. 48 ಗಂಟೆಯೊಳಗೆ ಇಳಿಯಬೇಕು. ಸೂಜಿ ಚುಚ್ಚಿದ ಕಡೆ ಬಟಾಣಿ ಕಾಳಿನಷ್ಟು ಗಟ್ಟಿ ಗಂಟು ಕೆಲವು ವಾರ ಉಳಿಯಬಹುದು. ನೋವಿಲ್ಲದೆ ಸಣ್ಣದಾಗುತ್ತಿದ್ದರೆ ಸುಮ್ನೆ ಬಿಡಿ. ಬಿಸಿಯಾಗಿ ಬೆಳೆಯುತ್ತಿದ್ದರೆ ಕೀವಿರಬಹುದು, ತೋರಿಸಿ.

ಮೂರು ಗಂಟೆಗೂ ಹೆಚ್ಚು ಹೊತ್ತು ಸಮಾಧಾನವೇ ಆಗದ ಅಳು, ಅಥವಾ ಕೂಸು ಇದ್ದಕ್ಕಿದ್ದಂತೆ ಬಿಳಿಚಿ, ಮೈ ಸಡಿಲವಾಗಿ, ಕರೆದರೂ ಓಗೊಡದ ಸ್ಥಿತಿ, ಇವೆರಡೂ ಈ ಲಸಿಕೆಯ ಗೊತ್ತಿರುವ, ಅಪರೂಪದ ಪರಿಣಾಮಗಳು. ಎರಡೂ ಬರುವುದು ಮೊದಲ ಎರಡು ದಿನದಲ್ಲಿ, ಹೆಚ್ಚಾಗಿ ಮೊದಲ ದಿನವೇ. ಸಾಮಾನ್ಯವಾಗಿ ಶಾಶ್ವತ ತೊಂದರೆ ಉಳಿಯುವುದಿಲ್ಲ, ಆದರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಲೇಬೇಕು.

ಬಿಸಿಜಿ. ಇದರ ಹೊತ್ತು ಉದ್ದ. ಎಡ ತೋಳಿನ ಮೇಲೆ 2-3 ವಾರಕ್ಕೆ ಸಣ್ಣ ಗುಳ್ಳೆ, ಆಮೇಲೆ ಒಡೆದು ಹುಣ್ಣು, ಕೊನೆಗೆ ಕಲೆ. ಇಷ್ಟಕ್ಕೆ ಎರಡು-ಮೂರು ತಿಂಗಳು ಹಿಡಿಯಬಹುದು. ಮುಲಾಮು, ಅರಿಶಿನ, ಬೂದಿ ಯಾವುದೂ ಬೇಡ. ಕಲೆ ಆಗದಿದ್ದರೂ ಮತ್ತೆ ಹಾಕಿಸಬೇಕಿಲ್ಲ. ಕಂಕುಳಲ್ಲಿ ಗಂಟು ಬೆಳೆದರೆ ಮಾತ್ರ ವೈದ್ಯರಿಗೆ ತೋರಿಸಿ.

ಎಂಆರ್. 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು. ಜನ ಜಾಸ್ತಿ ಗಲಿಬಿಲಿಯಾಗುವುದು ಇಲ್ಲಿಯೇ. ಇದು ಜೀವಂತ, ಆದರೆ ಬಲ ಕುಂದಿಸಿದ ವೈರಾಣು. ಮೈಯಲ್ಲಿ ಬೆಳೆಯಲು ಹೊತ್ತು ಬೇಕು. ಹಾಗಾಗಿ ಇದರ ಜ್ವರ, ಸಣ್ಣ ದದ್ದು ಬರುವುದು 5ರಿಂದ 12 ದಿನದ ನಡುವೆ. ಮರುದಿನವೇ ಬಂದ ಜ್ವರಕ್ಕೆ ಅದೇ ದಿನ ಹಾಕಿದ ಬೇರೆ ಸೂಜಿಯೋ ಬೇರೆ ಸೋಂಕೋ ಕಾರಣವಿರಬಹುದು. ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ಜೋರು ಜ್ವರ, ಸುಸ್ತು ಎಲ್ಲ ಒಟ್ಟಿಗೆ ಬಂದರೆ ಅದು ಕೆಟ್ಟ ವಯಲಿನ ಗುರುತು. ಒಂದು ನಿಮಿಷವೂ ಕಾಯಬೇಡಿ. ಅದೇ ದಿನ ಲಸಿಕೆ ಹಾಕಿಸಿದ ಬೇರೆ ಮನೆಗಳಿಗೂ ಫೋನ್ ಮಾಡಿ.

ರೋಟಾ. ರೋಟಾವೈರಸ್ ಭೇದಿ ತಡೆಯಲು ಬಾಯಿಗೆ ಹಾಕುವ ಲಸಿಕೆ. ಒಂದಿಷ್ಟು ಭೇದಿ, ವಾಂತಿ ಆಗಬಹುದು. ಗಮನಿಸಬೇಕಾದದ್ದು ಕರುಳು ಸಿಕ್ಕಿಕೊಳ್ಳುವ ತೊಂದರೆ. ಕೂಸು ಕಾಲು ಮಡಚಿ ಕಿರುಚುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಕಿರುಚುತ್ತದೆ, ವಾಂತಿಯ ಜೊತೆ ಮಲದಲ್ಲಿ ರಕ್ತ-ಲೋಳೆ ಬರುತ್ತದೆ. ಅಮೆರಿಕದಲ್ಲಿ ರೋಟಾಶೀಲ್ಡ್ ಎಂಬ ಹಳೆಯ ಲಸಿಕೆಯಿಂದ ಸುಮಾರು 10,000 ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆಂದು ಕಂಡುಬಂದು, 1999ರಲ್ಲಿ ಅದನ್ನು ಹಿಂತೆಗೆದರು. ನಮ್ಮ ದೇಶದ ರೋಟಾವ್ಯಾಕ್ ಬಗ್ಗೆ ಇದೇ ಪ್ರಶ್ನೆ ಹಾಕಿಕೊಂಡು ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಲಸಿಕೆ ಇರಲಿ ಬಿಡಲಿ ಈ ವಯಸ್ಸಿನಲ್ಲಿ ಕರುಳು ಸಿಕ್ಕಿಕೊಳ್ಳುವುದುಂಟು. ಆದ್ದರಿಂದ ಗುರುತು ಕಂಡರೆ ಕಾರಣ ಚರ್ಚಿಸುತ್ತ ಕೂರದೆ ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ.

5. ಜ್ವರದ ಔಷಧ: ಬಾಟಲಿ ಓದಿ ಅಳೆಯಿರಿ

ನಿಜವಾದ ಹಾನಿ ಹಲವು ಸಲ ಆಗುವುದು ಇಲ್ಲಿ, ಅದೂ ಮನೆಯವರ ಕೈಯಿಂದಲೇ.

ಥರ್ಮಾಮೀಟರನ್ನು ಕಂಕುಳಲ್ಲಿಟ್ಟು ಬೀಪ್ ಆಗುವವರೆಗೆ ಹಿಡಿಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದು, ಕೂಸು ಕಿರಿಕಿರಿ ಮಾಡುತ್ತಿದ್ದರೆ ಔಷಧ ಕೊಡಿ. ಎರಡು ತಿಂಗಳಿಗಿಂತ ಚಿಕ್ಕ ಕೂಸಾದರೆ ಡೋಸನ್ನು ಸಿಸ್ಟರ್ ಅಥವಾ ವೈದ್ಯರಿಂದ ಕಾರ್ಡಿನ ಮೇಲೆ ಬರೆಸಿಕೊಂಡೇ ಕೊಡಿ.

ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನದಲ್ಲ, ತೂಕದ್ದು. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಐದು ಕಿಲೋ ಕೂಸಿಗೆ 50ರಿಂದ 75 ಮಿಲಿಗ್ರಾಂ. ಈಗ ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ. ‘5 ಎಂ.ಎಲ್.ಗೆ 125 ಮಿ.ಗ್ರಾಂ’ ಎಂದಿದ್ದರೆ ಈ ಕೂಸಿಗೆ 2ರಿಂದ 3 ಎಂ.ಎಲ್. ‘5 ಎಂ.ಎಲ್.ಗೆ 250 ಮಿ.ಗ್ರಾಂ’ ಇದ್ದರೆ 1ರಿಂದ ಒಂದೂವರೆ ಎಂ.ಎಲ್. ‘1 ಎಂ.ಎಲ್.ಗೆ 100 ಮಿ.ಗ್ರಾಂ’ ಎಂದಿರುವ ಡ್ರಾಪ್ಸ್ ಆದರೆ ಅರ್ಧದಿಂದ ಮುಕ್ಕಾಲು ಎಂ.ಎಲ್. ಮಾತ್ರ.

ಈಗ ತಪ್ಪು ಹೇಗಾಗುತ್ತದೆ ನೋಡಿ. ದೊಡ್ಡ ಮಗುವಿಗೆ ಸಿರಪ್ ಕೊಟ್ಟು ರೂಢಿಯಿರುವ ಅಜ್ಜಿ, ‘ಅರ್ಧ ಚಮಚೆ ಅಲ್ವಾ’ ಎಂದು ಡ್ರಾಪ್ಸ್ ಬಾಟಲಿಯಿಂದ ಎರಡೂವರೆ ಎಂ.ಎಲ್. ಕುಡಿಸುತ್ತಾರೆ. ಸಿರಪ್ ಆಗಿದ್ದರೆ ಅದು 62.5 ಮಿಲಿಗ್ರಾಂ. ಡ್ರಾಪ್ಸ್ ಆದ್ದರಿಂದ 250 ಮಿಲಿಗ್ರಾಂ. ಸರಿಯಾಗಿ ನಾಲ್ಕು ಪಟ್ಟು. ಪ್ಯಾರಾಸಿಟಮಾಲ್ ಮಿತಿಮೀರಿದರೆ ಹೊಡೆತ ಬೀಳುವುದು ಲಿವರಿಗೆ. ‘ಮಕ್ಕಳದ್ದು ಅಂದ್ರೆ ಸೌಮ್ಯ ಇರ್ತದೆ’ ಎನ್ನುವುದು ಡ್ರಾಪ್ಸ್ ವಿಷಯದಲ್ಲಿ ಪೂರ್ತಿ ಉಲ್ಟಾ. ಮನೆಯಲ್ಲಿ ಎರಡು ಬಾಟಲಿ ಬೇಡ ಎಂದದ್ದು ಇದಕ್ಕೇ.

ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಿದ್ದರೆ 6 ಗಂಟೆ ಅಂತರ. ದಿನಕ್ಕೆ ನಾಲ್ಕು ಸಲ ದಾಟಬಾರದು. ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಮೇಲೆಯೇ ಬರೆಯಿರಿ, ಇಲ್ಲದಿದ್ದರೆ ತಾಯಿ ಕೊಟ್ಟದ್ದು ಅತ್ತೆಗೆ ಗೊತ್ತಿರುವುದಿಲ್ಲ. ನೆಗಡಿಯ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಜೊತೆಗೆ ಕೊಡಬೇಡಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ಹಳೇ ಚೀಟಿ ಹಿಡಿದು ಕೇಳಬೇಡಿ. ಆಸ್ಪಿರಿನ್ ಬೇಡವೇ ಬೇಡ.

ಸೂಜಿ ಚುಚ್ಚಿದ ಕಡೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ತಿಕ್ಕುವುದು, ಶಾಖ ಕೊಡುವುದು, ಸುಣ್ಣ-ಅರಿಶಿನ ಬೇಡ. ಎದೆಹಾಲು ನಿಲ್ಲಿಸಬೇಡಿ, ಎಂದಿಗಿಂತ ಜಾಸ್ತಿ ಸಲ ಕುಡಿಸಿ. ಕಂಬಳಿ ಸುತ್ತಿ ಬೆವರಿಸುವುದೂ ಬೇಡ. ಹಿರಿಯರು ನೆದರು (ದೃಷ್ಟಿ) ತೆಗೆದರೆ ಅಡ್ಡಿಯಿಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ. ಬರೆ ಹಾಕಿಸುವ ಮಾತು ಬಂದರೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ.

6. ಈ ಗುರುತು ಕಂಡರೆ 108

ಹಗಲೋ ರಾತ್ರಿಯೋ ನೋಡದೆ ಹೊರಡಬೇಕಾದ ಗುರುತುಗಳು:

- ಉಸಿರಾಟಕ್ಕೆ ಕಷ್ಟ, ತುಟಿ ನೀಲಿ, ಮುಖ ಊತ
- ಫಿಟ್ಸ್, ಅಥವಾ ಎಬ್ಬಿಸಿದರೂ ಏಳದ ಮಂಪರು
- ಹಾಲು ಪೂರ್ತಿ ಬಿಟ್ಟಿರುವುದು, ಕುಡಿದದ್ದೆಲ್ಲ ವಾಂತಿ
- ಮೂರು ಗಂಟೆ ದಾಟಿದ, ನಿಲ್ಲದ ಅಳು
- ಮಲದಲ್ಲಿ ರಕ್ತ
- ಔಷಧ ಕೊಟ್ಟರೂ 102 ಡಿಗ್ರಿಗಿಂತ ಇಳಿಯದ ಜ್ವರ

ಜ್ವರದ ಫಿಟ್ಸ್ ಬಂದರೆ ಕೂಸನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚೆ, ನೀರು ಹಾಕಬಾರದು. ಕೈಗೆ ಕಬ್ಬಿಣದ ಕೀಲಿ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗದು, ಹೊತ್ತು ಹೋಗುತ್ತದೆ ಅಷ್ಟೇ. 5 ನಿಮಿಷ ದಾಟಿದರೆ ತುರ್ತು. ಬೇಗ ನಿಂತರೂ ಅದೇ ದಿನ ತೋರಿಸಿ.

ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದಲ್ಲಿ ಸಿವಿಲ್ ಆಸ್ಪತ್ರೆ, ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾಸ್ಪತ್ರೆ. ತಾಲೂಕು ಹಳ್ಳಿಗಳವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಕೊಡಿಸಿ ಆಮೇಲೆ ಮುಂದೆ ಹೋಗುವುದು ಒಳ್ಳೆಯದು. ತಾಯಿ ಕಾರ್ಡ್ ಮರೆಯಬೇಡಿ.

ಇನ್ನೊಂದು ಗುರುತು ನೋಡಲು ಸೌಮ್ಯ, ಆದರೆ ಜನ ತಪ್ಪುವುದು ಅಲ್ಲೇ. ಪೆಂಟಾವೇಲೆಂಟ್ ಆಗಿ ಎರಡು ದಿನ ಕಳೆದ ಮೇಲೂ ಉಳಿದ ಜ್ವರ, ಅಥವಾ ಇಳಿದು ಮತ್ತೆ ಏರಿದ ಜ್ವರ. ಅದನ್ನು ‘ಸೂಜಿ ಜ್ವರ’ ಎಂದು ಕರೆಯಬೇಡಿ. ನ್ಯುಮೋನಿಯಾ, ಮೂತ್ರದ ಸೋಂಕು, ಮಳೆಗಾಲವಾದರೆ ಡೆಂಗಿ, ಯಾವುದೂ ಇರಬಹುದು. ಮೂರು ತಿಂಗಳೊಳಗಿನ ಕೂಸಾದರೆ ಇನ್ನೂ ಬೇಗ ತೋರಿಸಿ.

7. ‘ಸೂಜಿಯಿಂದಲೇ ಆಯ್ತಾ?’ ಎಂದು ತೂಗುವುದು

ಒಂದು ಸಣ್ಣ ಲೆಕ್ಕ ಮಾಡೋಣ. ಹುಟ್ಟಿದ ಮೇಲಿನ 14 ವಾರ ಎಂದರೆ 98 ದಿನ. ಕೊನೆಯ ಡೋಸಿನ ನಂತರದ ಮೂರು ದಿನ ಸೇರಿಸಿದರೆ ಸುಮಾರು 100. ಆ 100 ದಿನದಲ್ಲಿ, ಹುಟ್ಟಿದಾಗಿನದನ್ನು ಬಿಟ್ಟರೆ, ಮೂರು ಸಲ ಸೂಜಿ. ಪ್ರತಿ ಸೂಜಿಯ ನಂತರದ ಮೂರು ದಿನ ಹಿಡಿದರೆ ಒಟ್ಟು 9 ದಿನ. ಲಸಿಕೆಗೆ ಸಂಬಂಧವೇ ಇಲ್ಲದ ಕಾಯಿಲೆಯೊಂದು ಈ ಅವಧಿಯಲ್ಲಿ 100 ಕೂಸುಗಳಿಗೆ ಬಂದರೂ ಸುಮಾರು 9 ಕೂಸುಗಳಿಗೆ ಅದು ‘ಸೂಜಿ ಹಾಕಿಸಿದ ಮೂರೇ ದಿನಕ್ಕೆ’ ಬಂದಂತೆ ಕಾಣುತ್ತದೆ. ಆ ತಾಯಂದಿರು ಸುಳ್ಳು ಹೇಳುತ್ತಿಲ್ಲ. ಆದರೆ ಹಿಂದೆ ಮುಂದೆ ನಡೆದದ್ದೆಲ್ಲ ಒಂದರಿಂದ ಇನ್ನೊಂದು ಆದದ್ದಲ್ಲ.

ಹಾಗಾಗಿ ನಾಲ್ಕು ಪ್ರಶ್ನೆ ಕೇಳಿ. ಈ ಲಸಿಕೆಗೆ ಇಂಥ ಪರಿಣಾಮ ಉಂಟೆಂದು ಗೊತ್ತಿದೆಯೇ? ಅದರ ಹೊತ್ತಿಗೇ ಬಂತೇ? ಬೇರೆ ಕಾರಣ ಪರೀಕ್ಷೆಯಲ್ಲಿ ಸಿಕ್ಕಿತೇ? ಲಸಿಕೆ ಹಾಕಿಸದ ಕೂಸುಗಳಲ್ಲೂ ಇದು ಇಷ್ಟೇ ಪ್ರಮಾಣದಲ್ಲಿ ಬರುತ್ತದೆಯೇ? ವಾಟ್ಸಾಪ್ ಸಂದೇಶಗಳು ಬಹುಪಾಲು ನಾಲ್ಕನೆಯದರಲ್ಲಿ ಬಿದ್ದುಹೋಗುತ್ತವೆ.

ಆಟಿಸಂ ವಿಷಯವೂ ಹಾಗೇ. 1998ರಲ್ಲಿ ಬ್ರಿಟನ್ನಿನಲ್ಲಿ 12 ಮಕ್ಕಳನ್ನು ಮುಂದಿಟ್ಟುಕೊಂಡು ಬರೆದ ಲೇಖನದಿಂದ ದಡಾರ ಲಸಿಕೆಯ ಮೇಲೆ ಅನುಮಾನ ಹಬ್ಬಿತು. 2010ರಲ್ಲಿ ಆ ಪತ್ರಿಕೆಯೇ ಲೇಖನವನ್ನು ಹಿಂತೆಗೆಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆ ಪಡೆದವರಲ್ಲೂ ಪಡೆಯದವರಲ್ಲೂ ಆಟಿಸಂ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಕರ್ನಾಟಕದಲ್ಲಿ ಎಂಆರ್ ಅಭಿಯಾನ ನಡೆದಾಗ ಶಾಲೆಗಳ ಪಾಲಕರ ಮೊಬೈಲುಗಳಲ್ಲಿ ಓಡಾಡಿದ ಭಯಕ್ಕೂ ಇಂಥದ್ದೇ ಬೇರುಗಳಿದ್ದವು.

ಅಪಾಯವಿದ್ದಲ್ಲಿ ಪದ್ಧತಿ ಬದಲಾಗಿದ್ದೂ ಇದೆ. ಬಾಯಿಗೆ ಹಾಕುವ ಪೋಲಿಯೊ ಹನಿಯಿಂದಲೇ ಲಕ್ಷಾಂತರದಲ್ಲಿ ಒಂದು ಕೂಸಿಗೆ ಪಾರ್ಶ್ವವಾಯು ಬರಬಹುದೆಂದು ಗೊತ್ತಿದ್ದರಿಂದಲೇ ಭಾರತದಲ್ಲಿ 2015ರ ಕೊನೆಗೆ ಸೂಜಿಯ ಪೋಲಿಯೊ ಲಸಿಕೆ ಐಪಿವಿ ಸೇರಿಸಿದರು, 2016ರ ಏಪ್ರಿಲ್‌ನಲ್ಲಿ ಹನಿಯಿಂದ ಟೈಪ್ 2 ವೈರಾಣುವನ್ನು ತೆಗೆದರು. ಅಡ್ಡಪರಿಣಾಮಗಳನ್ನು ಯಾರೋ ಬರೆದು ಕಳಿಸಿದ್ದರಿಂದ ಆದ ಬದಲಾವಣೆ ಇದು.

8. ವರದಿ ಮಾಡುವ ಕ್ರಮ

ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಲಸಿಕೆ, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ. ತೊಂದರೆ ಶುರುವಾದ ಗಂಟೆ. ಥರ್ಮಾಮೀಟರಿನ ಅಂಕಿ. ಕೊಟ್ಟ ಔಷಧ, ಅಳತೆ. ದದ್ದು, ಊತ ಇದ್ದರೆ ಫೋಟೋ. ಫಿಟ್ಸ್ ಆಗಿದ್ದರೆ, ಕೂಸನ್ನು ನೋಡಿಕೊಳ್ಳಲು ಇನ್ನೊಬ್ಬರಿದ್ದಾಗ ಮಾತ್ರ, ಸಣ್ಣ ವೀಡಿಯೊ.

ಆಮೇಲೆ ಸಿಸ್ಟರ್‌ಗೆ ಅಥವಾ ಆಶಾಗೆ ಹೇಳಿ. ಆಸ್ಪತ್ರೆಗೆ ಸೇರಿಸುವಷ್ಟು ಗಂಭೀರವಾಗಿದ್ದರೆ ಅಷ್ಟಕ್ಕೇ ಬಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಾಣಿರಿ. ‘ಎಇಎಫ್‌ಐ ರಿಪೋರ್ಟ್ ಆಗಿದೆಯಾ ಸರ್?’ ಎಂದು ಅದೇ ಪದ ಬಳಸಿ ಕೇಳಿ. ಲಸಿಕೆಯ ನಂತರ ಆದ ತೊಂದರೆಗೆ ಇಲಾಖೆಯಲ್ಲಿ ಇರುವ ಹೆಸರು ಅದು. ಅಲ್ಲಿಂದ ವರದಿ ಜಿಲ್ಲೆಯಲ್ಲಿ ತಾಯಿ-ಮಕ್ಕಳ ಆರೋಗ್ಯ ನೋಡಿಕೊಳ್ಳುವ ಆರ್‌ಸಿಎಚ್ ಅಧಿಕಾರಿಗೆ, ನಂತರ ರಾಜ್ಯಕ್ಕೆ, ದೆಹಲಿಗೆ ಹೋಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಿದ್ದರೂ ಅಲ್ಲಿನ ವೈದ್ಯರು ವರದಿ ಮಾಡಬಹುದು, ಮಾಡಬೇಕು. ಯಾರೂ ಕಿವಿಗೊಡದಿದ್ದರೆ ಔಷಧಗಳ ಅಡ್ಡಪರಿಣಾಮ ತಿಳಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024. ಸುಮ್ನೆ ಸಲಹೆ ಬೇಕಿದ್ದರೆ ಆರೋಗ್ಯ ಸಹಾಯವಾಣಿ 104.

ಡಿಸ್ಚಾರ್ಜ್ ಚೀಟಿ, ರಕ್ತಪರೀಕ್ಷೆ, ಬಾಟಲಿಗಳು ಯಾವುದನ್ನೂ ಎಸೆಯಬೇಡಿ. ಜೀವವೇ ಹೋದ ಮನೆಗೆ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಮರಣೋತ್ತರ ಪರೀಕ್ಷೆ ಆಗದಿದ್ದರೆ ಕಾರಣ ತಿಳಿಯುವುದು ಬಹುತೇಕ ಅಸಾಧ್ಯ.

ತಜ್ಞರ ಸಮಿತಿ ವರದಿಯನ್ನು ಪರಿಶೀಲಿಸಿ ಲಸಿಕೆಯಿಂದ ಆದದ್ದು, ಹಾಕುವಾಗಿನ ತಪ್ಪಿನಿಂದ ಆದದ್ದು, ಹೆದರಿಕೆಯಿಂದ ಆದದ್ದು, ಕಾಕತಾಳೀಯ, ಹೇಳಲಾಗದು ಎಂದು ವಿಂಗಡಿಸುತ್ತದೆ. ಇದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ವರದಿಯ ಒಂದು ಪ್ರತಿ ಅಥವಾ ನಂಬರ್ ಕೇಳಿ ಇಟ್ಟುಕೊಳ್ಳಿ.

9. ಮುಂದಿನ ಡೋಸ್

ಬರೀ ಜ್ವರ, ಊತ, ಅಳು ಆಗಿದ್ದರೆ ಮುಂದಿನದನ್ನು ಸರಿಯಾದ ದಿನಕ್ಕೆ ಹಾಕಿಸಿ. ಪೆಂಟಾವೇಲೆಂಟಿನ ಒಂದೇ ಡೋಸಿನಿಂದ ನಾಯಿಕೆಮ್ಮಿನ ವಿರುದ್ಧ ಸಾಕಷ್ಟು ರಕ್ಷಣೆ ಸಿಗುವುದಿಲ್ಲ. ತಡವಾಗಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.

ತೀವ್ರ ಅಲರ್ಜಿ ಆಗಿದ್ದರೆ ಅದೇ ಲಸಿಕೆ ಮತ್ತೆ ಬೇಡ. ಪೆಂಟಾವೇಲೆಂಟ್ ಆದ 7 ದಿನದೊಳಗೆ ಮಿದುಳಿಗೆ ಸಂಬಂಧಿಸಿದ ಗಂಭೀರ ತೊಂದರೆಯಾಗಿ ಬೇರೆ ಕಾರಣ ಸಿಗದಿದ್ದರೆ ನಾಯಿಕೆಮ್ಮಿನ ಭಾಗವಿರುವ ಲಸಿಕೆ ಬೇಡ. ಮೈ ಜೋಲುಬಿದ್ದದ್ದು, ಮೂರು ಗಂಟೆಯ ಅಳು, ಜ್ವರದ ಫಿಟ್ಸ್ ಆಗಿದ್ದರೆ ನಿರ್ಧಾರ ಮಕ್ಕಳ ವೈದ್ಯರದ್ದು. ಮುಂದಿನ ಡೋಸನ್ನು ಅಂಗನವಾಡಿಯ ಬದಲು ಆಸ್ಪತ್ರೆಯಲ್ಲೇ ಹಾಕಿಸಲು ಹೇಳಬಹುದು. ಒಂದು ಲಸಿಕೆ ನಿಂತಿತೆಂದು ಉಳಿದವನ್ನು ನಿಲ್ಲಿಸಬೇಡಿ.

ಏನೇ ನಿರ್ಧಾರವಾದರೂ ಅದನ್ನು ತಾಯಿ ಕಾರ್ಡಿನ ಮೇಲೆ ವೈದ್ಯರ ಸಹಿಯೊಂದಿಗೆ ಬರೆಸಿ, ಆ ಪುಟದ ಹೊಸ ಫೋಟೋ ತೆಗೆದು ತವರಿನವರಿಗೂ ಕಳಿಸಿ.